ಎರಡಡಿ ಅಗಲ

ಏಪ್ರಿಲ್‌ನಲ್ಲಿ ಜೋಡಿಸಿದವನೂ ನಾನೇ,
ನವೆಂಬರಿನಲ್ಲಿ ಬಿಚ್ಚುವವನೂ ನಾನೇ
ಅನ್ನುತ್ತಾನೆ ಗಾಸ್ಪಾರ್, ಬೋಲ್ಟಿಗೆ ಎಣ್ಣೆ ಬಿಡುತ್ತ.

ಸೇನ್ ದಂಡೆಯ ಮರಗಳಿಗೆ ಇನ್ನೂ ಅಂಟಿಕೊಂಡಿದೆ
ಹತ್ತಾರು ಭಾಷೆಯ ಕಾಗದ:
ಕೈಕಾಲು ಹೊರಗೆ ಚಾಚಬೇಡಿ.
ಅವನಿಗೆ ತನ್ನ ಭಾಷೆಯದೂ ಓದಲು ಬಾರದು,
ಕೇಳಿ ಕೇಳಿ ಬಾಯಿಪಾಠ.
ಕೊಂಬೆಗೆ ಸಿಕ್ಕಿದ್ದು ಒಂದೇ ಒಂದು ಟೋಪಿಯಂತೆ,
ಯಾರೋ ಪರ್ಷಿಯಾದವನದು;
ರೈಲು ನಿಲ್ಲಲಿಲ್ಲ.
ಆರು ತಿಂಗಳು ಲೋಕವೆಲ್ಲ ಬಂದು ಕೂತು
ಹೋದದ್ದು ಬರೀ ಮೂರು ಕಿಲೋಮೀಟರು.

ಹಳಿಗಳೀಗ ಪಿಕಾರ್ಡಿಯಲ್ಲಿ, ಬೀಟ್‌ಗೆಡ್ಡೆಯ ಹೊಲದಲ್ಲಿ.
ಕೆಸರಿಗೂ ಅದೇ ಎರಡಡಿ.
ಗೆಡ್ಡೆ ತುಂಬಿದ ಡಬ್ಬಿಯ ಮೇಲೆ
ಸಂಜೆ ಮನೆಗೆ ಹೊರಟ ಹೆಂಡತಿ ಒದಿಲ್
ಒಂದು ಮರವೂ ಇಲ್ಲದ ಬಯಲಲ್ಲಿ
ಒಂದು ಕಾಲು ಹೊರಗೆ ಚಾಚಿದಳು.

‘ಒಳಗೆ!’ ಕೂಗಿಬಿಟ್ಟ ಗಾಸ್ಪಾರ್.

ಇನ್ನೊಂದನ್ನೂ ಚಾಚಿದಳು.