ಕಣ್ಣ ಸುತ್ತ ಒಡ್ಡು

ಉದ್ದಿನ ಹಿಟ್ಟು ನಾದುವುದು ನನ್ನ ಕೆಲಸ.
ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು.
ಸಡಿಲಾದರೆ ಸೋರುತ್ತದೆ,
ಬಿಗಿಯಾದರೆ ಮೂಗಿನ ಬದಿ ಬಿರುಕು.
ಎರಡು ಬೆರಳೆತ್ತರ, ಸುತ್ತ ಒಂದು ಒಡ್ಡು,
ನಡುವೆ ಮುಚ್ಚಿದ ಕಣ್ಣು.

ಅಪ್ಪನೂ ಒಡ್ಡು ಕಟ್ಟುವವನೇ. ಕುಟ್ಟನಾಡಿನ
ಹಿನ್ನೀರಿನ ತಳಕ್ಕೆ ಉಸಿರು ಕಟ್ಟಿ ಮುಳುಗಿ
ಕೆಸರನ್ನು ಎದೆಗವಚಿಕೊಂಡು ಮೇಲೆ ಬರುತ್ತಿದ್ದ,
ಹಸುಗೂಸನ್ನು ಎತ್ತಿ ತಂದಂತೆ.
ಅವನದು ನೀರು ಒಳಗೆ ಬಾರದಿರಲೆಂದು.
ನನ್ನದು ತುಪ್ಪ ಹೊರಗೆ ಹೋಗದಿರಲೆಂದು.

ಇವತ್ತು ಮೂರನೆಯ ದಿನ. ಇಟ್ಟೂಪ್ ಸಾರ್ ಮಲಗಿದ್ದಾರೆ.
ಕಿಟಕಿ ಮುಚ್ಚಿದೆ, ಫ್ಯಾನೂ ಇಲ್ಲ.
ಕೋಟ್ಟಯಂನ ಪತ್ರಿಕೆಯೊಂದರಲ್ಲಿ ಮೂವತ್ತೊಂದು ವರ್ಷ
ನಿಧನವಾರ್ತೆ ಪುಟದ ಕರಡು ತಿದ್ದಿದ ಕಣ್ಣು,
ಒಣಗಿ, ಮರಳು ಹೊಕ್ಕಂತೆ ಕರಕರ.
ಮೊದಲ ದಿನವೇ ಕೇಳಿದ್ದರು: "ತರ್ಪಣ ಅಂದರೆ
ಸತ್ತವರಿಗೆ ಬಿಡುವುದಲ್ಲವೇ? ನಾನಿನ್ನೂ ಇದ್ದೇನಲ್ಲ?"
ವಾರಸ್ಯಾರ್ ವೈದ್ಯೆ ನಗಲಿಲ್ಲ.
"ಬಾಯಾರಿದ ಯಾರಿಗಾದರೂ" ಅಂದರು.

ಬಿಸಿನೀರಿನ ಬಟ್ಟಲಲ್ಲಿಟ್ಟು ಕರಗಿಸಿದ ತುಪ್ಪ, ತ್ರಿಫಲೆಯ ಒಗರು ವಾಸನೆ.
ಕಣ್ಣ ಮೂಲೆಯಿಂದ ನೂಲಿಳಿದಂತೆ ಇಳಿಸುತ್ತೇನೆ
ರೆಪ್ಪೆಗೂದಲು ಮುಳುಗುವ ತನಕ.
"ಈಗ ಬಿಡಿ ಸಾರ್. ಮೆಲ್ಲಗೆ."
ಹಳದಿಯ ಅಡಿಯಲ್ಲಿ ಕಂದು ಗುಡ್ಡೆ
ಹೊಂಡದ ಮೀನಿನ ಹಾಗೆ ಒಮ್ಮೆ ಹೊರಳಿ ನಿಲ್ಲುತ್ತದೆ.
ನಾನು ಮಾತ್ರೆ ಎಣಿಸುತ್ತೇನೆ.

ನೂರ ನಲವತ್ತು, ನೂರ ನಲವತ್ತೊಂದು.
"ಏನು ಕಾಣುತ್ತದೆ?" ಕೇಳಬಾರದು. ಕೇಳಿದೆ.
"ಅಕ್ಷರ ಇಲ್ಲದ್ದು."

ಆಮೇಲೆ ಅವರೇ ಶುರುಮಾಡಿದರು:
"ಒಂದೇ ಒಂದು ತಪ್ಪು ಬಿಟ್ಟೆ ನೋಡು, ನನ್ನ ಸ್ವಂತ ಅಣ್ಣನದು.
ಅರವತ್ತೆಂಟು ಇದ್ದದ್ದು ಎಂಬತ್ತಾರು.
ಹದಿನೆಂಟು ವರ್ಷ ಪುಕ್ಕಟೆ!
ಅತ್ತಿಗೆ ಈಸ್ಟರ್ ತನಕ ಮಾತು ಬಿಟ್ಟಳು,
ನನ್ನನ್ನು ಮುದುಕನ ಹೆಂಡತಿ ಮಾಡಿದೆ ಅಂತ."
ನಗು ಹೊಟ್ಟೆಯಿಂದೆದ್ದು ಕೆನ್ನೆಗೆ ಬಂತು
ಕಿವಿಯ ಕಡೆ ಒಡ್ಡು ಬಿಟ್ಟಿತು.

ಹೆಬ್ಬೆರಳು ಒದ್ದೆ ಮಾಡಿ ಒತ್ತಿ ಹಿಡಿದೆ.
ಇಂಥದೇ ಒಂದು ಬಿರುಕಿಗೆ ಅಪ್ಪ, ಆ ನೆರೆಯ ರಾತ್ರಿ,
ಬೆನ್ನನ್ನೇ ಕೊಟ್ಟು ನಿಂತಿದ್ದ.

ಉಳಿದ ತುಪ್ಪದ ತಳದಲ್ಲಿ ಒಂದು ಹನಿ ಕೂತಿತ್ತು,
ಬೆರೆಯದೆ, ತಿಳಿಯಾಗಿ.
ನಗುವಿನದೋ, ಅಣ್ಣನದೋ.

"ನಿನ್ನಪ್ಪ ಇದ್ದಾರಾ?"
"ನೆರೆಯಲ್ಲಿ ಹೋದರು."
"ಹಾಗಾದರೆ ನಾನು ಓದಿರಬೇಕು."
"ಇಲ್ಲ ಸಾರ್. ಪತ್ರಿಕೆಗೆ ಕೊಡಲು ದುಡ್ಡಿರಲಿಲ್ಲ."
ಗುಡ್ಡೆ ಅಲುಗಲಿಲ್ಲ.
"ಹೆಸರು?"
"ತೇವನ್."
ತುಪ್ಪದೊಳಗೆ ಕಣ್ಣು ಎಡದಿಂದ ಬಲಕ್ಕೆ ಸರಿಯಿತು
ತೇ. ವ. ನ್.
ಮತ್ತೆ ಎಡಕ್ಕೆ ಬಂದು, ಇನ್ನೊಮ್ಮೆ.
"ತಪ್ಪಿಲ್ಲ" ಅಂದರು.

ಒಳಬಾಗಿಲಿಂದ ವೈದ್ಯೆ: "ಎಷ್ಟಾಯಿತು?"
ಎಣಿಕೆ ಎಲ್ಲೋ ಬಿಟ್ಟುಹೋಗಿತ್ತು.
"ನಾನೂರು" ಅಂದೆ,
ಒಂದರಿಂದ ಶುರುಮಾಡಿದೆ.