ಜೀವ ಇರೋದೆಲ್ಲ ಹೊರಗೆ

ರಾತ್ರಿ ಹನ್ನೊಂದಕ್ಕೆ ಶೆಟರ್ ಅರ್ಧ ಇಳಿಸಿ
ವಾದಿರಾಜರಾಯರು ನನ್ನನ್ನು ಒಳಗೆ ಕರೆದರು.
ಹನುಮಂತನಗರದ ಇಳಿಜಾರಿನಲ್ಲಿ ಅವರ ದರ್ಶಿನಿ:
ನಿಂತು ತಿನ್ನುವ ಆರು ಕಟ್ಟೆ, ಕಾಫಿ ಕೌಂಟರು,
ಹಿಂದೆ ಅಡುಗೆಮನೆ, ಗೋಡೆಯೊಳಗೆ ಜಿರಳೆಗಳ ಊರು.

"ಘಾಟಾಗಿ ಹೊಡೀರಿ" ಅಂದರು. "ಬೀದಿ ಕೊನೆಗೂ ವಾಸನೆ ಬರಬೇಕು.
ಹೋದ ಸಲದವನು ನೀರು ಬೆರೆಸಿ ಮೋಸ ಮಾಡಿದ."

ನೀರು ಬೆರೆಸದೆ ಹೇಗೆ ಸ್ವಾಮಿ?
ನನಗೆ ಕೆಲಸ ಕಲಿಸಿದ ಲಿಂಗರಾಜಪುರದ ಅಂತೋಣಪ್ಪ ಮೇಸ್ತ್ರಿ
ಹೇಳುತ್ತಿದ್ದರು: ಉಪ್ಪಿಗೆ ನಾಲಿಗೆ ಉಂಟು,
ಇದಕ್ಕೆ ಮುಚ್ಚಳವೇ ನಾಲಿಗೆ.
ಬರೆದಷ್ಟೇ. ಒಂದು ಹನಿ ಪ್ರೀತಿಗೂ ಜಾಸ್ತಿ ಬೇಡ.
ಮೇಸ್ತ್ರಿಗೆ ಕೊನೆಕೊನೆಗೆ ಮಲ್ಲಿಗೆಯ ವಾಸನೆಯೂ ತಿಳಿಯುತ್ತಿರಲಿಲ್ಲ.
ಅವರ ಕಾಲದಲ್ಲಿ ಮೂಗಿಗೆ ಕಟ್ಟಿಕೊಂಡದ್ದು ಒಂದು ಕರ್ಚೀಫು.

ಬಾಟ್ಲಿಯ ಜೊತೆ ಒಂದು ಕಾಗದ, ಹದಿನಾರು ಮಡಿಕೆ.
ದೇಶದ ಭಾಷೆಗಳೆಲ್ಲ ಅದರಲ್ಲಿ ಸಾಲಾಗಿ ಮಲಗಿವೆ;
ನಮ್ಮದು ಹೇನಿನ ಮೊಟ್ಟೆಯಷ್ಟು ಸಣ್ಣ.
ಟಾರ್ಚು ಬಿಟ್ಟು ಓದುತ್ತೇನೆ, ಪ್ರತಿ ಸಲವೂ,
ಪಾಠ ಬರದ ಹುಡುಗನ ಹಾಗೆ ಬೆರಳಿಟ್ಟು.
ಮೂಲೆಯ ಮೇಲೆ ನಿಂತ ಚೌಕ, ನೀಲಿ.
ಕೆಂಪಲ್ಲವಲ್ಲ ಅಂತ ರಾಯರಿಗೆ ಸಮಾಧಾನ.
ಹಸಿರಾದರೂ ನಂಜು ನಂಜೇ ಅಂದೆ, ಹಲ್ಲು ಸಣ್ಣದು, ಅಷ್ಟೆ.

ಹಿಟ್ಟಿನ ಕೊಳಗ ಹೊರಗೆ. ಸಕ್ಕರೆ, ತುಪ್ಪ, ಚಟ್ನಿಪುಡಿ ಹೊರಗೆ.
ಗ್ರೈಂಡರಿಗೆ, ಕಾವಲಿಗೆ ಪ್ಲಾಸ್ಟಿಕ್ಕು ಹೊದಿಸಿದ್ದಾಯಿತು.
ಗ್ಯಾಸು ಬಂದ್. ದೇವರ ಮುಂದಿನ ದೀಪವೂ.
ಅದಕ್ಕೆ ಮಾತ್ರ ರಾಯರು ಎರಡು ನಿಮಿಷ ಯೋಚಿಸಿದರು.

"ಜೀವ ಇರೋದೆಲ್ಲ ಹೊರಗೆ ಹೋಗಿದೆಯಾ?"
"ಎಲ್ಲಾ. ಮೀನಿನ ತೊಟ್ಟಿ ಸಂಜೆಯೇ ಮನೆಗೆ ಕಳಿಸಿದೆ,
ಮಗಳ ಮೀನು, ಜೋಪಾನ ಅಂತ."

ಆದರೂ ನೋಡಬೇಕು. ಕಾಗದದಲ್ಲಿಲ್ಲದ ಪಾಠ, ಮೇಸ್ತ್ರಿಯದು:
ಬೇರೆಯವರ 'ಎಲ್ಲಾ'ವನ್ನು ನಿನ್ನ ಕಣ್ಣಲ್ಲಿ ಎಣಿಸು.
ಉಗ್ರಾಣದ ಕದ ತಳ್ಳಿದೆ.
ಮೈದಾ ಮೂಟೆಗಳ ಮೇಲೆ, ಈರುಳ್ಳಿ ಚೀಲ ಹೊದ್ದು,
ಒಂದು ಜೊತೆ ಪಾದ. ನೀರಲ್ಲಿ ನೆಂದು ಬೆಳ್ಳಗೆ ಸುಕ್ಕಿದ ಬೆರಳು.
ಲೋಟ ತೊಳೆಯುವ ಸಾಬಣ್ಣ, ಯಾದಗಿರಿ ಕಡೆಯವನು.
ಹದಿನೆಂಟು ಅಂದ; ಗಡ್ಡ ಒಪ್ಪಿರಲಿಲ್ಲ.

ರಾಯರು ಏನೂ ಹೇಳಲಿಲ್ಲ.
ಗಲ್ಲಾದ ಚಿಲ್ಲರೆಯನ್ನು ಇನ್ನೊಮ್ಮೆ ಎಣಿಸಿದರು.

ಮಾಸ್ಕು, ಕನ್ನಡಕ, ಮೊಣಕೈವರೆಗೆ ಗವಸು.
ಗಾಳಿಗಲ್ಲ ಹೊಡೆಯುವುದು, ಬಿರುಕಿಗೆ.
ಫ್ರಿಜ್ಜಿನ ಬೆನ್ನಿಗೆ, ತಿರುಗಣಿಗಳ ಸಂದಿಗೆ ಜೆಲ್ಲು,
ಸಾಸಿವೆಯಷ್ಟು ಚುಕ್ಕಿ, ಅಂಗಳವಿಲ್ಲದ ರಂಗೋಲಿ.
ಚುಕ್ಕಿಯಿಟ್ಟಲ್ಲಿ ಸ್ಪ್ರೇ ಇಲ್ಲ:
ಊಟಕ್ಕೆ ಕರೆದು ಬೆದರಿಸಬಾರದು.

ಆಮೇಲೆ ಫುಟ್‌ಪಾತಿನಲ್ಲಿ ಕಾಯುವ ಕೆಲಸ.
ಬೀದಿನಾಯಿ, ದೂರದಲ್ಲಿ ಕಸದ ಲಾರಿ, ಸಾಬಣ್ಣ.
ಬೆರೆಸುವಾಗಲೇ ಖಾಲಿ ಬಾಟ್ಲಿಯನ್ನು ಮೂರು ಸಲ ತೊಳೆದು
ಆ ನೀರನ್ನೂ ಟ್ಯಾಂಕಿಗೇ ಸುರಿದಿದ್ದೆ.
"ಗಟ್ಟಿ ಐತ್ರಿ ಬಾಟ್ಲಿ. ಕೊಡ್ರಿ ನನಗ,
ಕುಡಿಯಾ ನೀರಿಗಿ ಆಗತೈತಿ."
ನಾನು ಮೊಳೆ ತೆಗೆದು ಅದಕ್ಕೆ ತೂತು ಹೊಡೆದೆ, ಮೂರು.
ಅವನು ನೋಡಿದ, ತನಗೇ ಹೊಡೆದ ಹಾಗೆ.
ಸೈಕಲ್ ಟೀಯವನ ಹತ್ತಿರ ಹೇಳಿದೆ, ಇದರ ನೆನಪು ತೊಳೆದು ಹೋಗಲ್ಲ ಕಣೋ.
ಟೀ ಕುಡಿಯುವ ಮುಂಚೆ ಸೋಪು ಹಾಕಿ ಕೈ ತೊಳೆದೆ.
ಅವನೂ ತೊಳೆದ, ಯಾಕೆ ಅಂತ ಕೇಳದೆ.

ಮೂರಕ್ಕೆ ಕಿಟಕಿ, ಫ್ಯಾನು, ಶೆಟರ್ ಎಲ್ಲ ತೆರೆದೆವು.
ನಾಲ್ಕಕ್ಕೆ ಕಟ್ಟೆಗೆ ಸೋಪುನೀರು.
ಸಾಬಣ್ಣ ಸತ್ತವನ್ನು ಗುಡಿಸಿ ಮೊರದಲ್ಲಿ ತಂದ,
ಫಸಲು ತೋರಿಸುವವನ ಹಾಗೆ. ಒಂದು ಇನ್ನೂ ಮೀಸೆ ಆಡಿಸುತ್ತಿತ್ತು.
"ಅಣ್ಣಾ, ಇವತ್ತ ಮೂಟಿ ಮ್ಯಾಲ ಮಲಗಬಹುದೇನ್ರಿ?"

ಕಾಗದ ಬಿಡಿಸಿದೆ. ಹದಿನಾರೂ ಮಡಿಕೆ.
ಎಂಟು ದಿನ ಅಲ್ಲಿ ಯಾರೂ ಮಲಗಬಾರದು ಅಂತ ಬರೆದಿದೆ, ಅಂದೆ,
ರಾಯರಿಗೆ ಕೇಳುವಷ್ಟು ಜೋರಾಗಿ.

ಎಲ್ಲೂ ಬರೆದಿರಲಿಲ್ಲ.