ಹಿಂದು ಮುಂದು

ಹಿಂದುಮುಂದು ನೋಡದೆ ಎಂಜಿನ್ ಬದಲಿಸಿದೆ ಎಂದು
ಜುಲ್ಮೀರಾ ಅಂದದ್ದು ಮಾರ್ಚಿಯಲ್ಲಿ.
ಜುಲೈ ತನಕ ಮತ್ತೇನೂ ಅನ್ನಲಿಲ್ಲ.
ದುಡ್ಡಿನಲ್ಲಿ ಅರ್ಧ ಅವಳದು, ತಂಗಿಯ ಪಾಲು:
ಬೆಟ್ಟದ ಮೈಗೆ ಕಲ್ಲು ಕಟ್ಟಿ ಮಾಡಿದ ಬಾಳೆಪಟ್ಟಿ
ಮೂರನ್ನು ಮಾರಿದ್ದು.

ಎಪ್ಪತ್ತಮೂರರ ಡಾಟ್ಸನ್.
ಬಿಸ್ಕತ್ತಿನ ಡಬ್ಬಿಯಂಥ ತೆಳು ತಗಡು,
ಒಳಗೆ ಈಗ ಇಮ್ಮಡಿ ಕುದುರೆ.
ಮದೈರಾದಲ್ಲಿ ಸಪಾಟಾದದ್ದು ಸಮುದ್ರವೊಂದೇ;
ಉಳಿದದ್ದೆಲ್ಲ ಏರು, ಇಲ್ಲವೆ ಇಳಿಜಾರು.
ಏರುವಾಗ ಹೋಟೆಲಿನ ಮುಂದೆ ಕೂತವರೆಲ್ಲ ಕೈ ಬೀಸಿದರು.
ಇಳಿಯುವಾಗ ಹಳೆಯ ಡ್ರಮ್ಮುಗಳು
ಸುಟ್ಟ ಕೂದಲ ವಾಸನೆ ಬಿಟ್ಟವು,
ಪೆಡಲು ಹಿಟ್ಟಿನ ಮುದ್ದೆಯ ಹಾಗೆ
ಕಾಲ ಕೆಳಗೆ ಕುಸಿಯಿತು.

ಅದಕ್ಕೇ ಡಿಸ್ಕು ತಂದೆ. ಮುಂದಕ್ಕೂ ದೊಡ್ಡದು, ಹಿಂದಕ್ಕೂ ದೊಡ್ಡದು.
ಇನ್ನೇನು ಬೇಕು ಅಂದುಕೊಂಡೆ.
ಮೊದಲ ಮಂಜಿನ ದಿನ, ಎರಡನೆಯ ಸುರಂಗ ದಾಟಿದ ಮೇಲೆ,
ಬ್ರೇಕು ಒತ್ತಿದ್ದೇ ತಡ, ಹಿಂದಿನ ಚಕ್ರ ಎರಡೂ ಕಲ್ಲಾಗಿ
ಬಾಲ ಬೀಸಿ ಬಂದು ನನ್ನನ್ನು ಹಿಂದೆ ಹಾಕಿತು.
ಗಾಡಿ ನಿಂತಾಗ ನಾನು ಬಂದ ದಾರಿಯನ್ನೇ ನೋಡುತ್ತಿದ್ದೆ.
ಹಿಂದುಮುಂದು ನೋಡಿದ್ದು
ಅವತ್ತೇ ಮೊದಲು.

ಮುದುಕ ಅಬೀಲಿಯು ಬೆಸುಗೆಯ ಕನ್ನಡಕ ಹಣೆಗೇರಿಸಿ
ಬೈಯಲಿಲ್ಲ. ಕಾಫಿಯ ತಟ್ಟೆ ಹಿಡಿದು ನಾಲ್ಕು ಹೆಜ್ಜೆ ನಡೆದ,
ಗಕ್ಕನೆ ನಿಂತ.
ಲೋಟ ಮುಂದಿನ ಅಂಚಿಗೆ ಜಾರಿತು.
‘ನಿಲ್ಲುವಾಗ ಭಾರವೆಲ್ಲ ಮುಂದಿನವರ ಹೆಗಲಿಗೆ,’ ಅಂದ,
‘ಹಿಂದಿನದು ಹಗುರ. ಹಗುರಾದದ್ದನ್ನು
ಅಷ್ಟೇ ಬಿಗಿ ಹಿಡಿದರೆ ಅದು ನಿಲ್ಲುವುದಿಲ್ಲ ಮಗಾ, ಜಾರುತ್ತದೆ.’
ಕಾಫಿ ಚೆಲ್ಲಿದ್ದಕ್ಕೆ ನನ್ನಿಂದಲೇ ಇನ್ನೊಂದು ತರಿಸಿದ.

ಹಿಂದಿನ ಕೊಳವೆಗೆ ಒಂದು ಪುಟ್ಟ ಕವಾಟ,
ಅದರ ತಲೆಯಲ್ಲಿ ತಿರುಪು.
ಕೊಳವೆ ಬಿಚ್ಚಿದ ಮೇಲೆ ಗಾಳಿ ತೆಗೆಯಬೇಕು;
ಗಾಳಿ ತೆಗೆಯಲು ಇಬ್ಬರು ಬೇಕು.
ಅಬೀಲಿಯುವಿನ ಮಂಡಿ ಬಾಗದು.
ಜುಲ್ಮೀರಾ ಬಂದಳು. ಬೇಕರಿಯ ಚಪ್ಪಲಿ ಕಳಚಿ
ಬರಿಗಾಲನ್ನು ಪೆಡಲಿನ ಮೇಲಿಟ್ಟು
ಗಾಜಿನಾಚೆ ಗೋಡೆ ನೋಡುತ್ತ ಕೂತಳು.

ದೂರದ ಚಕ್ರ ಮೊದಲು. ನಾನು ಅಡಿಯಲ್ಲಿ, ಕೈಯಲ್ಲಿ ಸ್ಪ್ಯಾನರು.
ಒತ್ತು, ಅಂದೆ.
ಹಿಡಿ.
ತಿರುವಿದೆ; ಪಾರದರ್ಶಕ ನಳಿಗೆಯಲ್ಲಿ
ಕಾಫಿಬಣ್ಣದ ಎಣ್ಣೆ, ಎಣ್ಣೆಯೊಳಗೆ ಮಣಿಮಣಿ ಗುಳ್ಳೆ.
ಮುಚ್ಚಿದೆ.
ಬಿಡು.
ನಾಲ್ಕು ತಿಂಗಳಿಗೆ ನಾವಾಡಿದ ಮಾತು ಈ ಮೂರೇ,
ಅದೂ ತಗಡಿನ ಆಚೆ ಈಚೆಯಿಂದ.
ಒತ್ತು. ಹಿಡಿ. ಬಿಡು.
ಅವಳು ಬೇಗ ಬಿಟ್ಟರೆ ಗಾಳಿ ಒಳಗೆ,
ನಾನು ತಡವಾಗಿ ಮುಚ್ಚಿದರೂ ಒಳಗೆ.
ಎರಡು ಸಲ ಹಾಗಾಯಿತು. ಯಾರ ತಪ್ಪೆಂದು ಕೇಳಲಿಲ್ಲ.
ನಾಲ್ಕನೆಯ ಚಕ್ರಕ್ಕೆ ಬಂದಾಗ
ನಾನು ಬಾಯಿ ತೆರೆಯುವ ಮೊದಲೇ ಅವಳ ಕಾಲು ಇಳಿದಿತ್ತು.
‘ಗಟ್ಟಿಯಾಯ್ತು,’ ಅಂದಳು.
ಪೆಡಲಿನ ಮಾತು ಅದು. ಅಷ್ಟೇ.

ಸಂಜೆ ಮುಚ್ಚಿದ ಹಳೆ ರಸ್ತೆಯಲ್ಲಿ,
ಸಮುದ್ರದ ಕಡೆ ಕಟ್ಟೆ ಒಡೆದ ಕಡೆ,
ಅವಳು ಏಪ್ರನ್ನಿನಲ್ಲೇ ನಿಂತು ಚಕ್ರ ನೋಡಿದಳು.
ಮೊದಲ ಸಲ: ‘ಹಿಂದಿನದು!’
ತಿರುಪು ಅರ್ಧ ಸುತ್ತು.
‘ಇನ್ನೂ ಹಿಂದಿನದೇ!’
ಇನ್ನರ್ಧ.
ಮೂರನೆಯ ಸಲ ಕೂಗಲಿಲ್ಲ. ನಡೆದು ಬಂದಳು,
ಟಾರಿನ ಮೇಲಿನ ಕಪ್ಪು ಗೆರೆಗಳ ಪಕ್ಕ ಕುಕ್ಕರಿಸಿ
ಎರಡು ಬೆರಳು ಹಿಟ್ಟು ಅಳೆಯುವಂತೆ ಇಟ್ಟಳು:
ಮುಂದಿನದು ಮೊದಲು, ಹಿಂದಿನದು ಆಮೇಲೆ,
ನಡುವೆ ಇಷ್ಟೇ.

‘ಇಷ್ಟೇ ಸಾಕಾ?’
‘ಇಷ್ಟೇ ಬೇಕು.’

ಎದ್ದು ಮಂಡಿ ಕೊಡವಿ ಕೈ ಚಾಚಿದಳು.
ಬೀಗದಕೈಗೆ.
ಬೆಟ್ಟದ ನೆತ್ತಿಗೆ ಅವಳೇ ಓಡಿಸಿದಳು,
ಇಳಿಯುವಾಗಲೂ ಅವಳೇ. ನಾನು ಪಕ್ಕದಲ್ಲಿ,
ಇಲ್ಲದ ಪೆಡಲನ್ನು ಒತ್ತುತ್ತ,
ಹಿಡಿಯುತ್ತ.